ಮಗಳು ಬೆಳಗ್ಗೆ ತಿಂಡಿನೇ ತಿನ್ನಲ್ಲ, ಸಂಜೆ ಗೋಬಿ ಬೇಕು. ಏನು ಮಾಡೋದು?

ಹಾಸನದಮ್ಮ:
ಮಗಳು ಮೊದಲ ಪಿಯುಸಿ. 7 ಗಂಟೆಗೆ ಬಸ್ಸು ಅಂತ ಬರೀ ಒಂದು ಲೋಟ ಟೀ ಕುಡಿದು ಓಡುತ್ತಾಳೆ. ಡಬ್ಬಿ ಅರ್ಧ ವಾಪಸ್ ಬರುತ್ತದೆ. ಸಂಜೆ ಟ್ಯೂಷನ್ ಮುಗಿಸಿ ಗೆಳತಿಯರ ಜೊತೆ ಗೋಬಿ ಮಂಚೂರಿ, ಇಲ್ಲಾಂದ್ರೆ ಚಿಪ್ಸ್. ಮನೆಗೆ ಬಂದರೆ ಸುಸ್ತು, ಸಿಡುಕು, ಪುಸ್ತಕ ಹಿಡಿದರೆ ನಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ ಅಂತಾಳೆ, 16 ವರ್ಷಕ್ಕೇ! ಬೈದರೆ "ತಿಂದ್ರೆ ದಪ್ಪ ಆಗ್ತೀನಿ". ಗೋಬಿ ಬಿಡಿಸಿದರೆ ಸರಿ ಹೋಗುತ್ತಾ?

ನರ್ಸಕ್ಕ:
ಗೋಬಿ ಆಮೇಲೆ ನೋಡೋಣ, ಮೊದಲು ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ. ಈ ವಯಸ್ಸಿನ ಹುಡುಗಿಯರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಇದೇನು ಅಪರೂಪ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ಇದೆ, ಹುಡುಗರಲ್ಲೂ ಶೇ. 31. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಾ ಅಂತಲೂ ಮೆಲ್ಲಗೆ ಕೇಳಿ, ಅವರಾಗಿ ಹೇಳಲ್ಲ. ಹೈಸ್ಕೂಲಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಿದ್ದರಲ್ಲ, ಕಬ್ಬಿಣಾಂಶದ್ದು, ಅದನ್ನು ನುಂಗುತ್ತಿದ್ದಳಾ ಅಥವಾ ಬೆಂಚಿನ ಕೆಳಗೆ ಹಾಕುತ್ತಿದ್ದಳಾ?

ರಾಗಿಮುದ್ದೆ:
ನನಗೆ ಗೋಬಿಗಿಂತ ಆ ಟೀನೇ ಕಾಣ್ತಿದೆ. ಟೀಯಲ್ಲಿರುವ ಒಗರು ಅಂಶ ಸೊಪ್ಪು, ಕಾಳಿನ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡಲ್ಲ, ಹಾಗಾಗಿ ಊಟದ ಜೊತೆ ಟೀ ಬೇಡ, ಒಂದು ಗಂಟೆ ಬಿಟ್ಟು ಕುಡಿಯಲಿ. ಸೊಪ್ಪಿನ ಸಾರಿಗೆ, ಹುರುಳಿ ಕಾಳಿಗೆ ನಿಂಬೆಹಣ್ಣು ಹಿಂಡಿ, ಅದು ಉಲ್ಟಾ ಸಹಾಯ ಮಾಡುತ್ತದೆ. ಬೆಳಗ್ಗೆ ಸಮಯ ಇಲ್ಲ ಅಂದ್ರೆ ರಾಗಿ ಅಂಬಲಿ ಬಾಟಲಿಗೆ ಹಾಕಿಕೊಡಿ, ಬಸ್ಸಲ್ಲಿ ಕುಡಿಯಲಿ. ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ನಮ್ಮ ಸರ್ಕಾರ 2024ರ ಮಾರ್ಚಲ್ಲೇ ನಿಷೇಧ ಮಾಡಿದೆ, ಆದರೂ ಕೆಂಪಗೆ ಮಿರಮಿರ ಮಿಂಚುತ್ತಿದ್ದರೆ ಆ ಗಾಡಿ ಬೇಡ. ವಾರಕ್ಕೊಂದು ಸಲ ತಿಂದರೆ ಏನೂ ಆಗಲ್ಲ ಬಿಡಿ.

ಸೆಕೆಂಡ್ ಪಿಯು ಹುಡುಗಿ:
ಆಂಟಿ, ಬಸ್ಸಲ್ಲಿ ಅಂಬಲಿ ಕುಡಿದ್ರೆ ಎಲ್ಲರೂ ನಗ್ತಾರೆ 😄 ಶೇಂಗಾ ಚಿಕ್ಕಿ ಕೊಡಿ, ಬ್ಯಾಗಲ್ಲಿ ಇಟ್ಟುಕೊಂಡು ತಿನ್ನಬಹುದು. ಇನ್ನೊಂದು, "ದಪ್ಪ ಆಗ್ತೀನಿ" ಅನ್ನೋದು ಸುಮ್ನೆ ಬರಲ್ಲ, ಯಾರೋ ಏನೋ ಅಂದಿರ್ತಾರೆ. ನಾನೂ ಒಂದು ವರ್ಷ ಡಬ್ಬಿ ನಾಯಿಗೆ ಹಾಕ್ತಿದ್ದೆ.

ಹಾಸನದಮ್ಮ:
ಟೆಸ್ಟ್ ಆಯ್ತು, 9.8. ಡಾಕ್ಟರ್ ಮಾತ್ರೆ ಬರೆದಿದ್ದಾರೆ. ಚಿಕ್ಕಿ ಮಾತ್ರ ಡಬ್ಬಿಯಿಂದ ವಾಪಸ್ ಬರುತ್ತಿಲ್ಲ. ಆ ಹುಡುಗಿ ಹೇಳಿದ್ದೂ ನಿಜ ಕಣ್ರೀ, ಮದುವೆ ಮನೆಯಲ್ಲಿ "ಏನೇ ಡ್ರಮ್ ಆಗಿದೀಯ" ಅಂದದ್ದು ನಮ್ಮತ್ತೆ. ಪಕ್ಕದಲ್ಲಿ ನಿಂತು ನಾನೂ ನಕ್ಕಿದ್ದೆ.