ಒಳರೋಗಿಗಳಿಗೆ ನರನೋವಿನ ಔಷಧ ಆರಂಭಿಸುವಾಗ

ಪ್ರಶ್ನೆ: ಮಧುಮೇಹದಿಂದಾಗಿ ಪಾದಗಳಲ್ಲಿ ಉರಿ ಹಾಗೂ ಚುಚ್ಚುವ ನೋವಿರುವ, ಮೂತ್ರಪಿಂಡಗಳ ಕಾರ್ಯವೂ ಕುಗ್ಗಿರುವ ವೃದ್ಧರೊಬ್ಬರು ನಮ್ಮ ವಾರ್ಡಿನಲ್ಲಿದ್ದಾರೆ. ಓಪಿಯಾಯ್ಡ್ (ಮಾರ್ಫಿನ್‌ನಂಥ ಪ್ರಬಲ ನೋವುನಿವಾರಕ) ಬೇಡವೆಂದು ನಿರ್ಧರಿಸಿದ್ದೇವೆ. ನರನೋವಿನ ಔಷಧವಾದ ಗ್ಯಾಬಪೆಂಟಿನ್ ಅನ್ನು ಎಷ್ಟರಿಂದ ಆರಂಭಿಸಬೇಕು, ಯಾವುದರ ಮೇಲೆ ನಿಗಾ ಇಡಬೇಕು?

ಉತ್ತರ 1: ಗ್ಯಾಬಪೆಂಟಿನ್, ಅದೇ ಗುಂಪಿನ ಪ್ರಿಗ್ಯಾಬಲಿನ್ ಎರಡೂ ಬಹುಪಾಲು ಮೂತ್ರಪಿಂಡಗಳ ಮೂಲಕವೇ ಹೊರಹೋಗುವುದರಿಂದ, ಕ್ರಿಯಾಟಿನಿನ್ ಕ್ಲಿಯರೆನ್ಸ್ (ಸ್ನಾಯುಗಳಿಂದ ಬರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯವನ್ನು ಮೂತ್ರಪಿಂಡಗಳು ರಕ್ತದಿಂದ ತೆಗೆಯುವ ವೇಗ) ಲೆಕ್ಕ ಹಾಕದೆ ಮೊದಲ ಡೋಸ್ ಬರೆಯಬೇಡಿ, ಸ್ನಾಯು ಕರಗಿದ ವೃದ್ಧರಲ್ಲಿ ರಕ್ತದ ಕ್ರಿಯಾಟಿನಿನ್ ಸರಿಯಾಗಿಯೇ ಕಂಡರೂ ಕ್ಲಿಯರೆನ್ಸ್ ಕಡಿಮೆ ಇರಬಹುದು. ಇಂಥವರಿಗೆ ರಾತ್ರಿ 100 ಮಿಲಿಗ್ರಾಂನಿಂದ ಆರಂಭಿಸಿ, ಮಂಪರು ನೋಡಿಕೊಂಡು ನಿಧಾನವಾಗಿ ಏರಿಸುವುದು ಕ್ಷೇಮ. ರಾತ್ರಿ ಶೌಚಾಲಯಕ್ಕೆ ಏಳುವಾಗ ತಲೆಸುತ್ತಿ ಬೀಳುವ ಭಯ ನಿಜವಾದದ್ದು. ಕರೆಗಂಟೆ ಅವರ ಕೈಗೆ ಎಟಕುವಂತಿರಲಿ.

ಉತ್ತರ 2: ಉಸಿರಾಟವನ್ನೂ ಗಮನಿಸಿ. ವೃದ್ಧರಲ್ಲಿ, ಶ್ವಾಸಕೋಶದ ಕಾಯಿಲೆಯಿರುವವರಲ್ಲಿ, ಓಪಿಯಾಯ್ಡ್ ಅಥವಾ ನಿದ್ರಾಜನಕ ಪಡೆಯುತ್ತಿರುವವರಲ್ಲಿ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ಗಳಿಂದ ಉಸಿರಾಟ ಕುಗ್ಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಎಚ್ಚರಿಸಿತ್ತು. ಖಿನ್ನತೆಗೂ ಕೊಡುವ ಡುಲಾಕ್ಸೆಟಿನ್ ಮಧುಮೇಹದ ನರನೋವಿಗೆ ಒಳ್ಳೆಯ ಆಯ್ಕೆಯೇ, ಆದರೆ ಕ್ಲಿಯರೆನ್ಸ್ ನಿಮಿಷಕ್ಕೆ 30 ಮಿಲಿಲೀಟರ್‌ಗಿಂತ ಕೆಳಗಿದ್ದರೆ ಅಥವಾ ಯಕೃತ್ತಿನ ಕಾಯಿಲೆಯಿದ್ದರೆ ಬೇಡ. ನರನೋವಿಗೆ ಬಳಸುವ ಇನ್ನೊಂದು ಔಷಧ ಅಮಿಟ್ರಿಪ್ಟಿಲಿನ್ ಈ ವಯಸ್ಸಿನಲ್ಲಿ ಗೊಂದಲ, ಮೂತ್ರ ಕಟ್ಟುವಿಕೆ ತರಬಹುದಾದ್ದರಿಂದ ನಾನಂತೂ ಮೊದಲು ಕೊಡುವುದಿಲ್ಲ.

ಉತ್ತರ 3: ಗ್ಯಾಬಪೆಂಟಿನ್‌ನ ಪೂರ್ಣ ಪರಿಣಾಮಕ್ಕೆ ವಾರಗಳೇ ಬೇಕಾಗುವುದರಿಂದ, ನೋವು ನಾಳೆಯೇ ನಿಲ್ಲದು ಎಂಬುದನ್ನು ರೋಗಿಗೆ ಮೊದಲೇ ತಿಳಿಸಿ. ಬಿಡುಗಡೆ ಪತ್ರದಲ್ಲಿ ಔಷಧದ ಉದ್ದೇಶ, ಡೋಸ್ ಏರಿಸುವ ಕ್ರಮ, ಮರುಪರಿಶೀಲಿಸುವವರು ಯಾರು ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಪ್ರಯೋಜನ ಕಾಣದಿದ್ದರೆ ನಿಲ್ಲಿಸಲೇಬೇಕು, ಆದರೆ ಥಟ್ಟನೆ ಅಲ್ಲ. ಕನಿಷ್ಠ ಒಂದು ವಾರದಲ್ಲಿ ಹಂತಹಂತವಾಗಿ ಇಳಿಸಬೇಕು.