ಸಹಾಯ ಬೇಕು: ನೇಪಿಯರ್ ಹುಲ್ಲು ಸರಿಯಾಗಿ ಚಿಗುರ್ತಾ ಇಲ್ಲ

ಎಲ್ರಿಗೂ ನಮಸ್ಕಾರ. ನಾಗಮಂಗಲದ ಕಡೆಯವನು, ನಾಲ್ಕು ಹಸು ಇವೆ. ಹತ್ತು ಗುಂಟೆಗೆ ಮೇವಿಗೆ ಅಂತ ಕೋ-4 ತಳಿ ನೇಪಿಯರ್ ಹಾಕಿದೀನಿ. ನೆಡುವಾಗ ಮೂರು ಗಾಡಿ ಕೊಟ್ಟಿಗೆ ಗೊಬ್ಬರ ಕೊಟ್ಟಿದ್ದೆ. 75ನೇ ದಿನಕ್ಕೆ ಮೊದಲ ಕೊಯ್ಲು, ಹುಲ್ಲು ತಲೆ ಮೀರಿ ಬೆಳೆದಿತ್ತು. ಎರಡನೇದು ಮಾತ್ರ ತಂಗಿ ಮದುವೆ ಓಡಾಟದಲ್ಲಿ 45 ದಿನದ ಬದಲು 70 ದಿನಕ್ಕೆ ಹೋಯ್ತು. ದಂಟು ಕಬ್ಬಿನಂಗೆ ಬಲಿತು, ಹಸುಗಳು ಎಲೆ ತಿಂದು ದಂಟು ಗೋದಲೀಲೇ ಬಿಟ್ವು.

ಈಗ ಚಿಗುರು ಹಳದಿ, ತೆಂಡೆ (ಬುಡದಿಂದ ಒಡೆಯೋ ಮರಿ) ಕಮ್ಮಿ. ಮೊದಲ ಕೊಯ್ಲಾದ ಮೇಲೆ ಗೊಬ್ಬರ ಏನೂ ಕೊಟ್ಟಿಲ್ಲ, ಅದು ನನ್ನದೇ ತಪ್ಪು. ಸಗಣಿ ಬಗ್ಗಡ ನೀರಿನ ಜೊತೆ ಬಿಡಲೋ, ಯೂರಿಯಾ ಹಾಕಲೋ? ಯೂರಿಯಾ ಆದ್ರೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು? ತೀರಾ ಎಳೇದು ತಿನ್ಸಿದ್ರೆ ಬೇಧಿ ಆಗುತ್ತೆ ಅಂತ ನಮ್ಮವ್ವ ಹೆದರಿಸ್ತಾವ್ಳೆ. ಮಾಡಿ ನೋಡಿದೋರು ಹೇಳಿ, ಫೋಟೋ ಬೇಕಿದ್ರೆ ಹಾಕ್ತೀನಿ.