ವೈರಸ್, ವರ್ಮ್, ಟ್ರೋಜನ್: ಹೆಸರು ಬೇರೆಯಾದರೆ ಪರಿಹಾರವೂ ಬೇರೆಯೇ?

ತಿಳಿಯುವಾಸೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರೆಲ್ಲ ಬಳಸುವ ವಿಂಡೋಸ್ ಕಂಪ್ಯೂಟರಿನಲ್ಲಿ ಕೆಲವು ದಿನಗಳಿಂದ ತೊಂದರೆ ಕಾಣಿಸಿಕೊಂಡಿದೆ. ಪೆನ್‌ಡ್ರೈವ್ ಹಾಕಿ ತೆರೆದರೆ ಅದರಲ್ಲಿದ್ದ ಫೋಲ್ಡರುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್‌ಗಳು ಇರುತ್ತವೆ. ಅವನ್ನು ಒತ್ತಿದರೆ ಫೋಲ್ಡರ್ ತೆರೆದುಕೊಳ್ಳುತ್ತದೆ, ಒಳಗಿನ ಫೈಲುಗಳೂ ಸರಿಯಾಗಿಯೇ ಇವೆ. ಆಂಟಿವೈರಸ್ ಓಡಿಸಿದಾಗ ಒಂದು ಫೈಲನ್ನು ವರ್ಮ್ ಎಂದೂ ಇನ್ನೊಂದನ್ನು ಟ್ರೋಜನ್ ಎಂದೂ ತೋರಿಸಿತು, ಎರಡನ್ನೂ ಅಳಿಸಿದೆ. ಆದರೆ ಮರುದಿನ ಪೆನ್‌ಡ್ರೈವ್ ಹಾಕಿದಾಗ ಶಾರ್ಟ್‌ಕಟ್‌ಗಳು ಮತ್ತೆ ಬಂದಿದ್ದವು. ಇದರ ಜೊತೆಗೆ, ಯಾರೂ ಬಳಸದೆ ಬಿಟ್ಟಾಗಲೂ ಕಂಪ್ಯೂಟರಿನ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ.

ಇವೆಲ್ಲವನ್ನೂ ನಾವು ವೈರಸ್ ಎಂದೇ ಕರೆಯುತ್ತೇವೆ. ಈ ಬೇರೆ ಬೇರೆ ಹೆಸರುಗಳು ನಿಜವಾಗಿ ಬೇರೆ ಬೇರೆ ವಸ್ತುಗಳನ್ನು ಸೂಚಿಸುತ್ತವೆಯೇ? ಹಾಗಿದ್ದರೆ ನಾವು ಮಾಡಬೇಕಾದ ಕೆಲಸವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆಯೇ? ದಯವಿಟ್ಟು ವಿವರಿಸಿ.

ಜಾಲಕಾವಲು (ಉತ್ತರ)

ನಮಸ್ಕಾರ. ಹೌದು, ಅವು ಬೇರೆ ಬೇರೆ. ಆದರೆ ಈ ಹೆಸರುಗಳೆಲ್ಲ ಒಂದೇ ಪ್ರಶ್ನೆಗೆ ಉತ್ತರವಲ್ಲ ಎಂಬುದನ್ನು ಮೊದಲು ಗಮನಿಸಬೇಕು. ವೈರಸ್, ವರ್ಮ್, ಟ್ರೋಜನ್ ಎಂಬವು ಕುತಂತ್ರಾಂಶ (ಕೆಡುಕು ಮಾಡಲೆಂದೇ ಬರೆದ ತಂತ್ರಾಂಶ) ಹೇಗೆ ಒಳಗೆ ಬಂತು, ಹೇಗೆ ಹರಡುತ್ತದೆ ಎಂಬುದನ್ನು ಹೇಳುತ್ತವೆ. ರ‍್ಯಾನ್ಸಮ್‌ವೇರ್ (ಫೈಲುಗಳನ್ನು ಮುಚ್ಚಿಟ್ಟು ಹಣ ಕೇಳುವುದು), ಸ್ಪೈವೇರ್ (ಗುಟ್ಟಾಗಿ ಮಾಹಿತಿ ಕದಿಯುವುದು), ಆಡ್‌ವೇರ್ (ಬೇಡದ ಜಾಹೀರಾತು ತೋರಿಸುವುದು) ಎಂಬವು ಒಳಗೆ ಬಂದ ಮೇಲೆ ಅದು ಏನು ಮಾಡುತ್ತದೆ ಎಂಬುದನ್ನು ಹೇಳುತ್ತವೆ. ಹಾಗಾಗಿ ಒಂದೇ ಕುತಂತ್ರಾಂಶ ವರ್ಮ್ ಕೂಡ ಆಗಿರಬಹುದು, ರ‍್ಯಾನ್ಸಮ್‌ವೇರ್ ಕೂಡ ಆಗಿರಬಹುದು. 2017ರ ವನ್ನಾಕ್ರೈ ಅಂಥದ್ದೇ. ಮತ್ತೆ ಬಾರದಂತೆ ತಡೆಯುವ ದಾರಿ ಮೊದಲ ಪ್ರಶ್ನೆಯಿಂದ ಸಿಗುತ್ತದೆ, ಆದ ಹಾನಿಗೆ ಏನು ಮಾಡಬೇಕೆಂಬುದು ಎರಡನೆಯದರಿಂದ ತಿಳಿಯುತ್ತದೆ. ಎರಡನ್ನೂ ಬೇರೆಯಾಗಿಯೇ ಕೇಳಿಕೊಳ್ಳಬೇಕು.

ವೈರಸ್ ತಾನಾಗಿ ನಿಲ್ಲುವಂಥದ್ದಲ್ಲ. ಅದು ಇನ್ನೊಂದು ಪ್ರೋಗ್ರಾಮಿಗೋ ಡಿಸ್ಕ್‌ನ ಬೂಟ್ ಸೆಕ್ಟರಿಗೋ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓದುವ ಭಾಗ) ಅಂಟಿಕೊಂಡು, ಅದು ಓಡಿದಾಗ ತಾನೂ ಓಡುತ್ತದೆ. 1986ರಲ್ಲಿ ಲಾಹೋರಿನಿಂದ ಹೊರಟ ಬ್ರೇನ್ ಎಂಬ ವೈರಸ್ ಫ್ಲಾಪಿಗಳ ಬೂಟ್ ಸೆಕ್ಟರಿನಲ್ಲಿ ಕುಳಿತು ಹರಡಿತ್ತು. ವರ್ಮ್‌ಗೆ ಇಂಥ ಆಸರೆ ಬೇಡ. 1988ರ ನವೆಂಬರ್ 2ರಂದು ಇಂಟರ್‌ನೆಟ್ಟಿಗೆ ಬಿಟ್ಟ ಮಾರಿಸ್ ವರ್ಮ್ ಒಂದು ಫೈಲನ್ನೂ ಅಳಿಸಲಿಲ್ಲ. ಆದರೆ ಈಗಾಗಲೇ ತನ್ನ ಪ್ರತಿ ಇದ್ದ ಯಂತ್ರಕ್ಕೂ ಏಳರಲ್ಲಿ ಒಂದು ಸಲ ಮತ್ತೆ ನುಗ್ಗುವಂತೆ ಅದನ್ನು ಬರೆದಿದ್ದರಿಂದ, ಒಂದೊಂದು ಯಂತ್ರದಲ್ಲೂ ಪ್ರತಿಗಳು ಗುಡ್ಡೆಯಾಗಿ ಬೇರೆ ಯಾವ ಕೆಲಸವೂ ಸಾಗದಷ್ಟು ಹೊರೆ ಬಿತ್ತು. 2003ರ ಜನವರಿಯಲ್ಲಿ ಬಂದ ಸ್ಲ್ಯಾಮರ್ ಕೇವಲ 376 ಬೈಟ್‌ನದು. ಅದು ಡಿಸ್ಕ್‌ಗೆ ಏನನ್ನೂ ಬರೆಯದೆ ಮೆಮೊರಿಯಲ್ಲೇ ಇದ್ದು, ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ ಎಂಬ ದತ್ತಾಂಶ ತಂತ್ರಾಂಶದಲ್ಲಿದ್ದ ದೋಷದ ಮೂಲಕ, ತಗುಲಬಹುದಾಗಿದ್ದ ಯಂತ್ರಗಳಲ್ಲಿ ಬಹುಪಾಲನ್ನು ಸುಮಾರು 10 ನಿಮಿಷಗಳಲ್ಲಿ ಮುಟ್ಟಿತು. ಯಂತ್ರವನ್ನು ಆರಿಸಿ ಹಾಕಿದರೆ ಸ್ಲ್ಯಾಮರ್ ಹೋಗುತ್ತಿತ್ತು; ಆದರೆ ದೋಷ ಮುಚ್ಚದ ಯಂತ್ರ ಜಾಲಕ್ಕೆ ಮರಳಿದೊಡನೆ ಮತ್ತೆ ತಗುಲುತ್ತಿತ್ತು. ವರ್ಮ್‌ಗೆ ಅಳಿಸುವುದಷ್ಟೇ ಪರಿಹಾರವಲ್ಲ, ಅದು ಬಂದ ದಾರಿಯನ್ನು ಮುಚ್ಚಬೇಕು ಎಂದು ಹೇಳುವುದು ಇದಕ್ಕಾಗಿಯೇ.

ಟ್ರೋಜನ್ ತಾನಾಗಿ ಹರಡುವುದಿಲ್ಲ. ಬೇಕಾದ ವಸ್ತುವಿನ ವೇಷದಲ್ಲಿ ಬಂದು, ನಮ್ಮ ಕೈಯಿಂದಲೇ ತನ್ನನ್ನು ಓಡಿಸಿಕೊಳ್ಳುತ್ತದೆ. ದುಡ್ಡಿನ ತಂತ್ರಾಂಶವನ್ನು ಬಿಟ್ಟಿಯಾಗಿ ಕೊಡುವ ಕ್ರ್ಯಾಕ್‌ಗಳು, ನಕಲಿ ಅಪ್‌ಡೇಟ್ ಸೂಚನೆಗಳು, ಬಿಲ್ ಎಂಬ ಹೆಸರಿನಲ್ಲಿ ಇಮೇಲಿಗೆ ಅಂಟಿಸಿದ ಫೈಲುಗಳು ಅದರ ಸಾಮಾನ್ಯ ವೇಷಗಳು.

ಈಗ ನಿಮ್ಮ ಪೆನ್‌ಡ್ರೈವ್ ವಿಷಯ. ನೀವು ಹೇಳಿದ ಲಕ್ಷಣ ಶಾರ್ಟ್‌ಕಟ್ ವರ್ಮ್‌ನದು. ಅದು ನಿಮ್ಮ ಫೋಲ್ಡರುಗಳನ್ನು ಅಳಿಸಿಲ್ಲ; ಅವಕ್ಕೆ ಹಿಡನ್, ಸಿಸ್ಟಮ್ ಎಂಬ ಎರಡೂ ಗುರುತು ಹಾಕಿ ಕಣ್ಣಿಗೆ ಬೀಳದಂತೆ ಮಾಡಿ, ಆ ಜಾಗದಲ್ಲಿ ಅದೇ ಹೆಸರಿನ, ಫೋಲ್ಡರಿನ ಚಿತ್ರವನ್ನೇ ಹೊತ್ತ ಶಾರ್ಟ್‌ಕಟ್ ಇಟ್ಟಿದೆ. ಅದನ್ನು ಒತ್ತಿದಾಗ ಮೊದಲು ಪೆನ್‌ಡ್ರೈವಿನಲ್ಲಿ ಅಡಗಿಸಿಟ್ಟ ಸ್ಕ್ರಿಪ್ಟ್ ಓಡುತ್ತದೆ, ಆಮೇಲೆ ನಿಜವಾದ ಫೋಲ್ಡರ್ ತೆರೆಯುತ್ತದೆ. ಬಳಕೆದಾರರಿಗೆ ಅನುಮಾನವೇ ಬಾರದಿರಲಿ ಎಂದು ಫೋಲ್ಡರನ್ನು ತೆರೆದು ತೋರಿಸುವ ಈ ಎರಡನೆಯ ಹೆಜ್ಜೆಯಿಂದಾಗಿಯೇ ಇದು ಇಷ್ಟು ವರ್ಷ ಬದುಕಿ ಉಳಿದಿದೆ ಎಂದು ನನಗನ್ನಿಸುತ್ತದೆ. ಓಡಿದ ಸ್ಕ್ರಿಪ್ಟ್ ತನ್ನ ಪ್ರತಿಯನ್ನು ಕಂಪ್ಯೂಟರಿನಲ್ಲಿ ಬಳಕೆದಾರರ ಫೋಲ್ಡರಿನೊಳಗೆ ಇಟ್ಟು, ಪ್ರತಿ ಸಲ ಲಾಗಿನ್ ಆದಾಗಲೂ ತಾನು ಶುರುವಾಗುವಂತೆ ರಿಜಿಸ್ಟ್ರಿಯಲ್ಲೋ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಟಾಸ್ಕ್ ಷೆಡ್ಯೂಲರಿನಲ್ಲೋ ಬರೆದುಕೊಳ್ಳುತ್ತದೆ. ಬರೀ ಪೆನ್‌ಡ್ರೈವ್ ತೊಳೆದರೆ ಕಂಪ್ಯೂಟರ್ ಅದಕ್ಕೆ ಮತ್ತೆ ಅಂಟಿಸುತ್ತದೆ. ಬರೀ ಕಂಪ್ಯೂಟರ್ ತೊಳೆದರೆ ಪೆನ್‌ಡ್ರೈವ್ ಮತ್ತೆ ತರುತ್ತದೆ. ಮನೆಯಲ್ಲಿ ಎಷ್ಟು ಪೆನ್‌ಡ್ರೈವ್‌ಗಳು, ಮೆಮೊರಿ ಕಾರ್ಡ್‌ಗಳು ಆ ಕಂಪ್ಯೂಟರನ್ನು ಕಂಡಿವೆಯೋ ಅಷ್ಟನ್ನೂ ಪರೀಕ್ಷಿಸಬೇಕು.

ಮೊದಲು ಕಂಪ್ಯೂಟರಿನಲ್ಲಿ ಆಫ್‌ಲೈನ್ ಸ್ಕ್ಯಾನ್ ಮಾಡಿ. ವಿಂಡೋಸ್ ಡಿಫೆಂಡರಿನಲ್ಲೇ ಈ ಸೌಲಭ್ಯವಿದೆ. ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಅದು ಹುಡುಕುವುದರಿಂದ ಕುತಂತ್ರಾಂಶಕ್ಕೆ ಅಡಗಲು ಅವಕಾಶ ಕಡಿಮೆ. ಅನಂತರ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಿಸಿ, ಶಾರ್ಟ್‌ಕಟ್‌ಗಳನ್ನು ಅಳಿಸಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಆಟ್ರಿಬ್ ಎಂಬ ಆಜ್ಞೆಯಿಂದ ಫೋಲ್ಡರುಗಳ ಎರಡೂ ಗುರುತುಗಳನ್ನು ತೆಗೆಯಿರಿ. ಫೋಲ್ಡರುಗಳು ಕಾಣುತ್ತಿಲ್ಲವೆಂದು ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ; ವರ್ಮ್ ಉಳಿಸಿದ ಫೈಲುಗಳನ್ನು ನಾವೇ ಕಳೆದಂತಾಗುತ್ತದೆ.

ಫ್ಯಾನ್ ಬಗ್ಗೆ ನಾನು ಖಚಿತವಾಗಿ ಹೇಳಲಾರೆ. ಬೇರೆಯವರ ಕಂಪ್ಯೂಟರಿನಲ್ಲಿ ಕ್ರಿಪ್ಟೋ ನಾಣ್ಯದ ಗಣಿಗಾರಿಕೆ ನಡೆಸುವ ಮೈನರ್ ಎಂಬ ಕುತಂತ್ರಾಂಶಗಳು ಹಾಗೆ ಮಾಡುತ್ತವೆ. ಅವುಗಳಲ್ಲಿ ಕೆಲವು ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಸುಮ್ಮನಾಗುತ್ತವೆ. ಆದರೆ ವಿಂಡೋಸ್ ಕೂಡ ಅಪ್‌ಡೇಟ್, ಇಂಡೆಕ್ಸಿಂಗ್‌ನಂಥ ಕೆಲಸಗಳನ್ನು ಯಾರೂ ಬಳಸದ ಹೊತ್ತಿಗೇ ಇಟ್ಟುಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದಾಗಲೆಲ್ಲ ಫ್ಯಾನ್ ತಣ್ಣಗಾಗಿ, ಮುಚ್ಚಿದಾಗಲೆಲ್ಲ ಮತ್ತೆ ಜೋರಾದರೆ ಅನುಮಾನಿಸುವುದಕ್ಕೆ ಕಾರಣವಿದೆ.

ಮೂರನೇ ಪ್ರತಿ (ಉತ್ತರ)

ಜಾಲಕಾವಲು ಅವರು ಹೇಳಿದ ಎರಡನೆಯ ಪ್ರಶ್ನೆಯ ಬಗ್ಗೆ, ಅದರಲ್ಲೂ ರ‍್ಯಾನ್ಸಮ್‌ವೇರ್ ಬಗ್ಗೆ, ಒಂದಿಷ್ಟು ಸೇರಿಸಬಯಸುತ್ತೇನೆ. ಇತರ ಬಗೆಗಳಲ್ಲಿ ಕುತಂತ್ರಾಂಶವನ್ನು ತೆಗೆದರೆ ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ; ಇದರಲ್ಲಿ ತೆಗೆದರೂ ಹಾನಿ ಹಾಗೆಯೇ ಉಳಿಯುತ್ತದೆ.

1989ರಲ್ಲಿ ಏಡ್ಸ್ ಮಾಹಿತಿಯ ಹೆಸರಿನಲ್ಲಿ ಅಂಚೆಯ ಮೂಲಕ ಹಂಚಿದ ಫ್ಲಾಪಿಯೊಂದು ಸುಮಾರು 90 ಸಲ ಕಂಪ್ಯೂಟರ್ ಶುರುವಾದ ಮೇಲೆ ಫೈಲುಗಳ ಹೆಸರುಗಳನ್ನು ಗೂಢಲಿಪಿಗೆ ತಿರುಗಿಸಿ, ಪನಾಮಾದ ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಲು ಕೇಳುತ್ತಿತ್ತು. ಮುಚ್ಚುವುದಕ್ಕೂ ತೆರೆಯುವುದಕ್ಕೂ ಅದು ಒಂದೇ ಬಗೆಯ ಕೀಲಿಯನ್ನು ಬಳಸಿದ್ದರಿಂದ, ಹಣ ಕೊಡದೆಯೇ ಬಿಡಿಸುವ ಉಪಾಯವನ್ನು ತಜ್ಞರು ಬೇಗ ಕಂಡುಕೊಂಡರು. ಈಗಿನವು ಹಾಗಿಲ್ಲ. ಫೈಲುಗಳನ್ನು ಒಂದು ಕೀಲಿಯಿಂದ ಮುಚ್ಚಿ, ಆ ಕೀಲಿಯನ್ನು ಇನ್ನೊಂದು ಸಾರ್ವಜನಿಕ ಕೀಲಿಯಿಂದ ಮುಚ್ಚುತ್ತವೆ. ಅದನ್ನು ತೆರೆಯುವ ಖಾಸಗಿ ಕೀಲಿ ದಾಳಿಕೋರರ ಬಳಿ ಮಾತ್ರ ಇರುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ.

ಹಣ ಕೊಟ್ಟರೆ ಸಿಕ್ಕೇ ಸಿಗುತ್ತದೆ ಎನ್ನುವಂತೆಯೂ ಇಲ್ಲ. 2017ರ ಜೂನ್ 27ರಂದು ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕ ಹರಡಿದ ನಾಟ್‌ಪೆಟ್ಯಾ ಹಣವನ್ನೇನೋ ಕೇಳಿತು, ಆದರೆ ಮುಚ್ಚಿದ್ದನ್ನು ಮತ್ತೆ ತೆರೆಯುವ ವ್ಯವಸ್ಥೆಯೇ ಅದರಲ್ಲಿ ಇರಲಿಲ್ಲ. ಅದಕ್ಕೂ ಮೊದಲು ಮೇ 12ರಂದು ಹರಡಿದ ವನ್ನಾಕ್ರೈ ನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪ್ಯಾಚ್ ಕೊಟ್ಟಿತ್ತು. ಎರಡು ತಿಂಗಳ ಹಿಂದೆ ಬಂದಿದ್ದ ಒಂದು ಅಪ್‌ಡೇಟ್ ಹಾಕಿಕೊಳ್ಳದ ಕಾರಣಕ್ಕೆ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳ ಭೇಟಿಗಳೂ ಶಸ್ತ್ರಚಿಕಿತ್ಸೆಗಳೂ ರದ್ದಾದವು ಎಂಬುದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಬ್ಯಾಕಪ್ ಇದೆ ಎಂದು ಹಲವರು ನೆಮ್ಮದಿಯಿಂದಿರುತ್ತಾರೆ. ಆದರೆ ಕಂಪ್ಯೂಟರಿಗೆ ಸದಾ ಜೋಡಿಸಿಟ್ಟ ಹಾರ್ಡ್ ಡಿಸ್ಕ್ ಕೂಡ ಅದೇ ಗಳಿಗೆಯಲ್ಲಿ ಗೂಢಲಿಪಿಗೆ ತಿರುಗುತ್ತದೆ, ಕ್ಲೌಡ್‌ಗೆ ತಾನಾಗಿ ಹೋಗುವ ಫೋಲ್ಡರ್ ಕೆಟ್ಟ ಪ್ರತಿಯನ್ನೇ ಮೇಲಕ್ಕೆ ಕಳಿಸುತ್ತದೆ, ವಿಂಡೋಸ್ ಇಟ್ಟುಕೊಂಡಿರುವ ಹಳೆಯ ನೆರಳು ಪ್ರತಿಗಳನ್ನು ಹೆಚ್ಚಿನ ರ‍್ಯಾನ್ಸಮ್‌ವೇರ್‌ಗಳು ಮೊದಲೇ ಅಳಿಸಿಹಾಕುತ್ತವೆ. ಕೆಲಸ ಮುಗಿದ ಮೇಲೆ ಕಳಚಿ ಬೇರೆಡೆ ಇಟ್ಟ ಪ್ರತಿಯೇ ನಿಜವಾದ ಆಧಾರ. ಅದರಿಂದ ಒಂದೆರಡು ಫೈಲುಗಳನ್ನು ಆಗಾಗ ಮರಳಿ ಪಡೆದು ತೆರೆದು ನೋಡುವ ಅಭ್ಯಾಸವನ್ನೂ ಇಟ್ಟುಕೊಳ್ಳಿ. ಬ್ಯಾಕಪ್ ಇಲ್ಲದೆಯೇ ದಾಳಿಗೆ ಒಳಗಾದವರು ಮುಚ್ಚಿಹೋದ ಫೈಲುಗಳನ್ನು ಎಸೆಯಬಾರದು. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಭದ್ರತಾ ಸಂಸ್ಥೆಗಳು 2016ರಿಂದ ನಡೆಸುತ್ತಿರುವ ನೋ ಮೋರ್ ರ‍್ಯಾನ್ಸಮ್ ಎಂಬ ತಾಣದಲ್ಲಿ ಕೆಲವು ಬಗೆಗಳಿಗೆ ಬಿಡಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ, ಇಂದು ಇಲ್ಲದ ಸಾಧನ ಮುಂದೆ ಬರಬಹುದು.

ತಿಳಿಯುವಾಸೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೇಳಿದ ಕ್ರಮದಲ್ಲೇ ಮಾಡಿದೆ. ಫೋಲ್ಡರುಗಳೆಲ್ಲ ಮರಳಿ ಕಾಣುತ್ತಿವೆ, ಶಾರ್ಟ್‌ಕಟ್‌ಗಳು ಮತ್ತೆ ಬಂದಿಲ್ಲ. ಆದರೆ ಆಫ್‌ಲೈನ್ ಸ್ಕ್ಯಾನಿನಲ್ಲಿ ಸ್ಟೀಲರ್ ಎಂಬ ಹೆಸರಿನ ಇನ್ನೊಂದು ಫೈಲ್ ಸಿಕ್ಕಿದೆ. ನಮ್ಮ ಮನೆಯವರ ಪಾಸ್‌ವರ್ಡುಗಳೆಲ್ಲ ಬ್ರೌಸರಿನಲ್ಲೇ ಉಳಿಸಿಟ್ಟಿವೆ. ಆ ಫೈಲನ್ನು ಅಳಿಸಿ ಪಾಸ್‌ವರ್ಡ್ ಬದಲಿಸಿದರೆ ಸಾಕೇ?

ಕಡತಪಾಲಕಿ (ಉತ್ತರ)

ಪಾಸ್‌ವರ್ಡ್ ಬದಲಿಸುವುದು ಅಗತ್ಯ, ಆದರೆ ಅದೊಂದೇ ಸಾಲದು. ಸ್ಟೀಲರ್ ಎಂಬುದು ಸ್ಪೈವೇರಿನ ಒಂದು ಬಗೆ. ಹಳೆಯ ಕೀಲಾಗರ್‌ಗಳು ನಾವು ಒತ್ತುವ ಒಂದೊಂದು ಕೀಯನ್ನೂ ದಿನಗಟ್ಟಲೆ ಬರೆದುಕೊಳ್ಳುತ್ತಿದ್ದವು. ಇವು ಅಷ್ಟು ಕಾಯುವುದಿಲ್ಲ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನೂ ಕುಕಿಗಳನ್ನೂ ಒಟ್ಟಿಗೆ ಬಾಚಿಕೊಂಡು ಹೊರಗೆ ಕಳಿಸುತ್ತವೆ, ಕೆಲವು ಆಮೇಲೆ ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. ಆದ್ದರಿಂದ ಸ್ಕ್ಯಾನಿನಲ್ಲಿ ಏನೂ ಸಿಗದಿದ್ದರೂ ಏನೂ ಕಳವಾಗಿಲ್ಲ ಎಂದು ನಂಬುವಂತಿಲ್ಲ. ನಿಮ್ಮಲ್ಲಂತೂ ಫೈಲೇ ಸಿಕ್ಕಿದೆ.

ಕುಕಿಗಳ ಕಳವನ್ನು ಜನ ಲಘುವಾಗಿ ನೋಡುತ್ತಾರೆ. ಒಂದು ತಾಣಕ್ಕೆ ಪಾಸ್‌ವರ್ಡ್ ಕೊಟ್ಟು, ಫೋನಿಗೆ ಬಂದ ಒಟಿಪಿ ಹಾಕಿ ಒಳಹೋದ ಮೇಲೆ, ಪ್ರತಿ ಪುಟದಲ್ಲೂ ಅದನ್ನೇ ಕೇಳದಿರಲೆಂದು ತಾಣವು ಒಂದು ಸೆಷನ್ ಕುಕಿಯನ್ನು ಕೊಟ್ಟಿರುತ್ತದೆ. ಅದನ್ನು ಕದ್ದವರು ತಮ್ಮ ಬ್ರೌಸರಿಗೆ ಹಾಕಿಕೊಂಡರೆ, ಹಲವು ತಾಣಗಳಲ್ಲಿ, ಪಾಸ್‌ವರ್ಡನ್ನೂ ಒಟಿಪಿಯನ್ನೂ ಕೊಡದೆ ನಿಮ್ಮ ಖಾತೆಯೊಳಗೆ ಇರಬಹುದು. ಕೆಲವು ತಾಣಗಳಲ್ಲಿ ಪಾಸ್‌ವರ್ಡ್ ಬದಲಾದರೂ ಹಳೆಯ ಸೆಷನ್ ಮುಗಿಯುವುದಿಲ್ಲ. ಹಾಗಾಗಿ ಪ್ರತಿ ಖಾತೆಯಲ್ಲೂ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡುವ ಆಯ್ಕೆಯನ್ನು ಹುಡುಕಿ ಒತ್ತಲೇಬೇಕು.

ಈ ಕೆಲಸಗಳನ್ನು ಆ ಕಂಪ್ಯೂಟರಿನಲ್ಲಿ ಮಾಡಬೇಡಿ. ಸೋಂಕಿಲ್ಲದ ಬೇರೆ ಸಾಧನದಿಂದ ಮಾಡಿ. ಇಮೇಲ್ ಖಾತೆಯಿಂದಲೇ ಆರಂಭಿಸಿ, ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಮರೆತಾಗ ಬರುವ ಕೊಂಡಿಗಳೆಲ್ಲ ಅಲ್ಲಿಗೇ ಬರುತ್ತವೆ. ಅದರ ಸೆಟ್ಟಿಂಗ್ಸ್‌ನಲ್ಲಿ ನಿಮಗೆ ತಿಳಿಯದ ಫಾರ್ವರ್ಡಿಂಗ್ ವಿಳಾಸ, ಫಿಲ್ಟರ್, ಮರುಪಡೆಯುವ ಫೋನ್ ಸಂಖ್ಯೆ ಏನಾದರೂ ಸೇರಿದೆಯೇ ಎಂದು ನೋಡಿ. ಅನಂತರ ಬ್ಯಾಂಕ್, ಆಮೇಲೆ ಉಳಿದವು.

ಕಂಪ್ಯೂಟರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣವಾದದ್ದು. ವರ್ಮ್, ಟ್ರೋಜನ್, ಸ್ಟೀಲರ್ ಮೂರೂ ಸಿಕ್ಕ ಯಂತ್ರದಲ್ಲಿ ನಾಲ್ಕನೆಯದು ಇರಲಾರದೆಂದು ಹೇಳುವ ಧೈರ್ಯ ನನಗಿಲ್ಲ. ರೂಟ್‌ಕಿಟ್ ಎಂಬ ಬಗೆ ಆಪರೇಟಿಂಗ್ ಸಿಸ್ಟಮಿನ ಒಳಪದರದಲ್ಲೇ ಕುಳಿತು, ಫೈಲುಗಳ ಪಟ್ಟಿ ಕೇಳಿದಾಗ ತನ್ನ ಹೆಸರನ್ನು ಬಿಟ್ಟು ಉಳಿದದ್ದನ್ನು ತೋರಿಸುತ್ತದೆ. ಅಂಥ ಯಂತ್ರದೊಳಗಿಂದ ನಡೆಸಿದ ಸ್ಕ್ಯಾನ್ ಏನು ಹೇಳಿದರೂ ಪೂರ್ತಿ ನೆಚ್ಚಲಾಗದು. ಬೇರೆ ಕಂಪ್ಯೂಟರಿನಲ್ಲಿ ತಯಾರಿಸಿದ ಇನ್‌ಸ್ಟಾಲೇಶನ್ ಪೆನ್‌ಡ್ರೈವಿನಿಂದ ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿ. 2018ರಲ್ಲಿ ಪತ್ತೆಯಾದ ಲೋಜ್ಯಾಕ್ಸ್‌ನಂತೆ ಮದರ್‌ಬೋರ್ಡಿನ ಫರ್ಮ್‌ವೇರಿಗೇ (ಅದರ ಚಿಪ್ಪಿನಲ್ಲೇ ಇರುವ ತಂತ್ರಾಂಶಕ್ಕೇ) ಸೇರಿ, ಡಿಸ್ಕ್ ಬದಲಿಸಿದರೂ ಉಳಿಯುವಂಥವು ಇವೆ ನಿಜ. ಆದರೆ ಅವು ಆಯ್ದ ಗುರಿಗಳ ಮೇಲೆ ಬಳಸುವ ಅಪರೂಪದ ಅಸ್ತ್ರಗಳು, ನಿಮ್ಮ ಪರಿಸ್ಥಿತಿಯಲ್ಲಿ ಆ ಚಿಂತೆ ಬೇಡ. ಮೈನರ್ ಇದ್ದರೆ ಅದೂ ಇದರೊಂದಿಗೆ ಹೋಗುತ್ತದೆ. ಹೊಸ ವಿಂಡೋಸಿನಲ್ಲೂ ಫ್ಯಾನ್ ಹಾಗೆಯೇ ಸದ್ದು ಮಾಡಿದರೆ ಒಳಗೆ ಧೂಳು ಕಟ್ಟಿದೆಯೇ ಎಂದು ನೋಡಿಸಿ.

ಫೈಲುಗಳನ್ನು ಮರಳಿ ಹಾಕುವಾಗ ಫೋಟೋ, ದಾಖಲೆ, ಹಾಡುಗಳಂಥವನ್ನು ಮಾತ್ರ ತನ್ನಿ. ಹಳೆಯ ಇನ್‌ಸ್ಟಾಲರುಗಳನ್ನು ತರದೆ, ಬೇಕಾದ ತಂತ್ರಾಂಶಗಳನ್ನು ಅವುಗಳ ಮೂಲ ತಾಣಗಳಿಂದಲೇ ಹೊಸದಾಗಿ ಇಳಿಸಿಕೊಳ್ಳಿ. ಮ್ಯಾಕ್ರೋ (ದಾಖಲೆಯೊಳಗೆ ಅಡಕವಾದ ಸಣ್ಣ ಪ್ರೋಗ್ರಾಮ್) ಚಾಲೂ ಮಾಡಿ ಎಂದು ಕೇಳುವ ಕಚೇರಿ ದಾಖಲೆಗಳಿದ್ದರೆ ಅವನ್ನೂ ಸದ್ಯಕ್ಕೆ ಬದಿಗಿಡಿ. ಪೆನ್‌ಡ್ರೈವನ್ನು ಹೊಸ ವಿಂಡೋಸಿಗೆ ಜೋಡಿಸುವ ಮೊದಲೇ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಫೈಲ್‌ಗಳ ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ ಚುಕ್ಕೆಯ ನಂತರ ಫೈಲಿನ ಬಗೆ ಹೇಳುವ ಅಕ್ಷರಗಳು) ಕಾಣುವಂತೆ ಮಾಡಿಕೊಳ್ಳಿ. ವಿಂಡೋಸ್ ಅದನ್ನು ತಾನಾಗಿ ಅಡಗಿಸುತ್ತದೆ. 2000ದ ಮೇ ತಿಂಗಳಿನಲ್ಲಿ ಐ ಲವ್ ಯೂ ಎಂಬ ವರ್ಮ್ ಪ್ರೇಮಪತ್ರದ ಹೆಸರಿನಲ್ಲಿ ಇಮೇಲಿಗೆ ಅಂಟಿಕೊಂಡು ಬಂದಾಗ, ಹೆಸರಿನ ಕೊನೆಯಲ್ಲಿದ್ದ, ಅದು ಓಡುವ ಸ್ಕ್ರಿಪ್ಟ್ ಎಂದು ಹೇಳುವ ವಿಬಿಎಸ್ ಕಾಣದೆ, ಅದರ ಹಿಂದಿನ ಟಿಎಕ್ಸ್‌ಟಿ ಮಾತ್ರ ಕಂಡು, ಸಾದಾ ಪಠ್ಯವೆಂದು ತೆರೆದವರು ಲೆಕ್ಕವಿಲ್ಲದಷ್ಟು. ಶಾರ್ಟ್‌ಕಟ್‌ಗಳ ಎಕ್ಸ್‌ಟೆನ್ಶನ್ ಮಾತ್ರ ಈ ಆಯ್ಕೆ ಮಾಡಿದ ಮೇಲೂ ಕಾಣುವುದಿಲ್ಲ, ಹಾಗಾಗಿ ಪೆನ್‌ಡ್ರೈವಿನಲ್ಲಿ ಫೋಲ್ಡರಿನ ಚಿತ್ರದ ಎಡಮೂಲೆಯಲ್ಲಿ ಸಣ್ಣ ಬಾಣದ ಗುರುತು ಇದೆಯೇ ಎಂದು ನೋಡಿಯೇ ಒತ್ತಿರಿ.